ಹಲ್ಲಿನ ಡಾಕ್ಟರ್ ವೇಡಾ ಸೊಮರ್‌ವಿಲ್

ಡೆಂಟಿಸ್ಟ್ ಹತ್ರ ಹೋಗೋಕೆ ನಮಗೆಲ್ಲ ಭಯ, ಅಲ್ವಾ? ವೇಡಾ ಕಾಲದಲ್ಲಿ ಡೆಂಟಿಸ್ಟ್ ಆಗೋದೇ ದೊಡ್ಡ ಧೈರ್ಯದ ಕೆಲಸ.

ವೇಡಾ ವಾಟ್ಸನ್ 1885ರಲ್ಲಿ ಲಾಸ್ ಏಂಜಲೀಸ್ ಹತ್ತಿರದ ಪೊಮೋನಾದಲ್ಲಿ ಹುಟ್ಟಿದರು. 1912ರಲ್ಲಿ ಜಾನ್ ಸೊಮರ್‌ವಿಲ್ ಅವರನ್ನು ಮದುವೆಯಾದರು. ಜಮೈಕಾದಿಂದ ಬಂದಿದ್ದ ಜಾನ್, ಯು.ಎಸ್.ಸಿ. ದಂತವೈದ್ಯ ಕಾಲೇಜಿನಲ್ಲಿ ಪದವಿ ಪಡೆದ ಮೊದಲ ಕಪ್ಪು ಜನಾಂಗದ ವಿದ್ಯಾರ್ಥಿ. ಅಷ್ಟರಲ್ಲಿ ಮೊದಲನೇ ಮಹಾಯುದ್ಧ ಬಂತು. ಗಂಡನನ್ನು ಸೇನೆಗೆ ಕರೆದರೆ ಕ್ಲಿನಿಕ್ ಗತಿ ಏನು? ವೇಡಾ ತಾವೇ ಅದೇ ಕಾಲೇಜು ಸೇರಿದರು. 1918ರಲ್ಲಿ ಪಾಸಾದಾಗ ಅವರಿಗೆ ಮೂವತ್ತು ದಾಟಿತ್ತು. ಅಲ್ಲಿ ಪದವಿ ಪಡೆದ ಮೊದಲ ಕಪ್ಪು ಮಹಿಳೆ ಅವರೇ.

ಆಗ ಕಪ್ಪು ಜನ ಊರಿಗೆ ಬಂದರೆ ಒಳ್ಳೆಯ ಹೋಟೆಲ್‌ಗಳಲ್ಲಿ ರೂಮ್ ಕೊಡ್ತಿರಲಿಲ್ಲ. ಎಷ್ಟು ಅನ್ಯಾಯ ನೋಡಿ! ಅದಕ್ಕೇ ಗಂಡ-ಹೆಂಡತಿ 1928ರಲ್ಲಿ ಸೆಂಟ್ರಲ್ ಅವೆನ್ಯೂದಲ್ಲಿ ಹೋಟೆಲ್ ಸೊಮರ್‌ವಿಲ್ ಕಟ್ಟಿಸಿದರು. ಕಪ್ಪು ಜನರ ಹಕ್ಕಿಗಾಗಿ ಹೋರಾಡುವ ಎನ್‌ಎಎಸಿಪಿ ಸಂಘದ ಸಮ್ಮೇಳನಕ್ಕೆ ಬಂದವರು ಆ ವರ್ಷ ಅಲ್ಲೇ ಇಳಿದುಕೊಂಡರು. ಮರುವರ್ಷ ಷೇರುಪೇಟೆ ಕುಸಿದು ಹೋಟೆಲ್ ಕೈತಪ್ಪಿತು, ಹೆಸರೂ ಡನ್‌ಬಾರ್ ಅಂತ ಬದಲಾಯಿತು. ವೇಡಾ ಮಾತ್ರ ಇನ್ನೂ ಕೆಲವು ವರ್ಷ ಹಲ್ಲು ನೋಡುತ್ತಿದ್ದು, ಆಮೇಲೆ ಪೂರ್ತಿ ಸಮಾಜಸೇವೆಗೆ ಇಳಿದರು. 1972ರಲ್ಲಿ ತೀರಿಕೊಂಡರು.

ಆ ಕಟ್ಟಡ ಈಗಲೂ ಇದೆ. ಸ್ಯಾನ್ ಡಿಯಾಗೋದಿಂದ ಈ ಕಡೆ ಬಂದಾಗ ಅಪ್ಪ-ಅಮ್ಮನಿಗೆ ಹೇಳಿ ಅಲ್ಲಿ ಕಾರು ನಿಲ್ಲಿಸಿ ನೋಡಿ.