ಇಲೋಕೋಸ್‌ನ ವೀರವನಿತೆ ಗೇಬ್ರಿಯೆಲಾ ಸಿಲಾಂಗ್

ಫಿಲಿಪ್ಪೀನ್ಸ್‌ನ ವಾಣಿಜ್ಯ ಕೇಂದ್ರ ಮಕಾಟಿಯ ಅಯಾಲಾ ಅವೆನ್ಯೂದಲ್ಲಿ ಕುದುರೆಯೇರಿ ಕತ್ತಿ ಎತ್ತಿ ಹಿಡಿದ ಮಹಿಳೆಯೊಬ್ಬಳ ಪ್ರತಿಮೆಯಿದೆ. 1971ರಲ್ಲಿ ಸ್ಥಾಪನೆಯಾದ ಈ ಪ್ರತಿಮೆ ಗೇಬ್ರಿಯೆಲಾ ಸಿಲಾಂಗ್‌ಳದು. ಆಕೆ ಬಂಡಾಯದ ನೇತೃತ್ವ ವಹಿಸಿದ್ದು ನಾಲ್ಕು ತಿಂಗಳಿಗೂ ಕಡಿಮೆ ಅವಧಿ. ಆದರೂ ಸ್ಪೇನ್‌ನ ಆಳ್ವಿಕೆಗೆ ಎದುರು ನಿಂತ ಫಿಲಿಪಿನೋ ಮಹಿಳೆಯರಲ್ಲಿ ಮೊದಲು ನೆನಪಾಗುವ ಹೆಸರು ಅವಳದೇ.

ಲುಜಾನ್ ದ್ವೀಪದ ವಾಯವ್ಯ ಕರಾವಳಿಯ ಇಲೋಕೋಸ್ ಪ್ರಾಂತ್ಯದಲ್ಲಿ 1731ರಲ್ಲಿ ಗೇಬ್ರಿಯೆಲಾ ಜನಿಸಿದಳು. ಆಗ ಅಲ್ಲಿನ ಜನರ ಮೇಲೆ ಎರಡು ಹೊರೆಗಳಿದ್ದವು. ಒಂದು, ಪ್ರತಿವರ್ಷ ತೆರಬೇಕಾದ ತಲೆಗಂದಾಯ. ಇನ್ನೊಂದು, 16ರಿಂದ 60 ವರ್ಷದೊಳಗಿನ ಗಂಡಸರು ವರ್ಷಕ್ಕೆ 40 ದಿನ ಮಾಡಬೇಕಿದ್ದ ಬಿಟ್ಟಿ ದುಡಿಮೆ. ಪ್ರಾಂತ್ಯದ ಆಡಳಿತಾಧಿಕಾರಿಯ ದಬ್ಬಾಳಿಕೆ ಇವೆರಡನ್ನೂ ಇನ್ನಷ್ಟು ಭಾರವಾಗಿಸಿತ್ತು.

ಗೇಬ್ರಿಯೆಲಾಳ ಪತಿ ಡಿಯೆಗೋ ಸಿಲಾಂಗ್ ವಿಗಾನ್ ಮತ್ತು ಮನಿಲಾ ನಡುವೆ ಪತ್ರಗಳನ್ನು ಒಯ್ಯುವ ಕೆಲಸದಲ್ಲಿದ್ದ. ಎರಡೂ ಊರುಗಳನ್ನು ಬಲ್ಲ ಅವನಿಗೆ ಸ್ಪೇನ್‌ನ ಬಲದಂತೆ ದೌರ್ಬಲ್ಯವೂ ಗೊತ್ತಿತ್ತು. 1762ರಲ್ಲಿ ಬ್ರಿಟನ್ ಮತ್ತು ಸ್ಪೇನ್ ಯುದ್ಧಕ್ಕಿಳಿದವು. ಮದರಾಸಿನಿಂದ ಭಾರತೀಯ ಸಿಪಾಯಿಗಳನ್ನೂ ಕರೆದುಕೊಂಡು ಹೊರಟ ಬ್ರಿಟಿಷ್ ಪಡೆ ಅಕ್ಟೋಬರ್‌ನಲ್ಲಿ ಮನಿಲಾವನ್ನು ವಶಪಡಿಸಿಕೊಂಡಿತು. ರಾಜಧಾನಿಯನ್ನೇ ಕಾಯಲಾಗದವರಿಗೆ ಕಂದಾಯ ಏಕೆ ಕೊಡಬೇಕೆಂಬ ಪ್ರಶ್ನೆ ಇಲೋಕೋಸ್‌ನಲ್ಲಿ ಎದ್ದಿತು. ಕಂದಾಯ ರದ್ದಾಗಬೇಕು, ದಬ್ಬಾಳಿಕೆಯ ಅಧಿಕಾರಿ ತೊಲಗಬೇಕು ಎಂದು ಒತ್ತಾಯಿಸಿದ ಡಿಯೆಗೋ, ಡಿಸೆಂಬರ್‌ನಲ್ಲಿ ವಿಗಾನ್ ಪಟ್ಟಣವನ್ನು ಕೈವಶ ಮಾಡಿಕೊಂಡ. ಬ್ರಿಟಿಷರು ಅವನಿಗೆ ಪ್ರಾಂತ್ಯದ ಅಧಿಕಾರದ ಪದವಿಯನ್ನಿತ್ತು ಸೇನಾ ನೆರವಿನ ಭರವಸೆ ನೀಡಿದರು. ಆ ನೆರವು ಕೊನೆಗೂ ಬರಲಿಲ್ಲ.

1763ರ ಮೇ 28ರಂದು ಡಿಯೆಗೋ ಹತನಾದ. ಚರ್ಚ್‌ನ ಮುಖಂಡರು ಮತ್ತು ಸ್ಪ್ಯಾನಿಷರ ಬೆಂಬಲ ಪಡೆದು ಗುಂಡು ಹಾರಿಸಿದವನು ಆತನ ಮಿತ್ರನೇ ಆದ ಮಿಗೆಲ್ ವಿಕೋಸ್. ನಾಯಕ ಬಿದ್ದೊಡನೆ ಬಂಡಾಯವೂ ಮುಗಿಯುವುದೆಂಬ ಲೆಕ್ಕಾಚಾರ ಮಾತ್ರ ತಪ್ಪಿತು.

ಗೇಬ್ರಿಯೆಲಾ ಉಳಿದ ಸಂಗಡಿಗರೊಂದಿಗೆ ಅಬ್ರಾದ ಬೆಟ್ಟಗಳನ್ನು ಸೇರಿದಳು. ಆರಂಭದಲ್ಲಿ ಆಕೆಯ ಚಿಕ್ಕಪ್ಪ ನಿಕೋಲಾಸ್ ಕರಿನ್ಯೋ ಪಡೆಯನ್ನು ಮುನ್ನಡೆಸಿದ, ಬಳಿಕ ನಾಯಕತ್ವ ಅವಳಿಗೇ ಬಂತು. ಬೆಟ್ಟದ ಇತ್ನೆಗ್ ಬುಡಕಟ್ಟಿನವರನ್ನು ಸೇರಿಸಿಕೊಂಡು, ಸೆಪ್ಟೆಂಬರ್ 10ರಂದು ಅವಳು ವಿಗಾನ್ ಮೇಲೆ ದಾಳಿ ಮಾಡಿದಳು. ಪಟ್ಟಣದ ರಕ್ಷಣೆಗೆ ನಿಂತವರಲ್ಲಿ ಸ್ಥಳೀಯರೂ ಬಹುಮಂದಿ ಇದ್ದರು. ದಾಳಿ ವಿಫಲವಾಯಿತು. ಬೆಟ್ಟಗಳಿಗೆ ಹಿಮ್ಮೆಟ್ಟಿದ ಗೇಬ್ರಿಯೆಲಾ ಸೆರೆಸಿಕ್ಕಳು. ಆಕೆಯ ಅನುಯಾಯಿಗಳನ್ನು ಗಲ್ಲಿಗೇರಿಸಿದ ಸ್ಪ್ಯಾನಿಷರು, 1763ರ ಸೆಪ್ಟೆಂಬರ್ 20ರಂದು ವಿಗಾನ್‌ನಲ್ಲಿ ಅವಳನ್ನೂ ನೇಣಿಗೇರಿಸಿದರು. ಆಗ ಅವಳ ವಯಸ್ಸು 32.

ವಿಪರ್ಯಾಸವೆಂದರೆ, ಡಿಯೆಗೋ ಮತ್ತು ಗೇಬ್ರಿಯೆಲಾ ಇಬ್ಬರೂ ಪ್ರಾಣ ತೆತ್ತದ್ದು ಯುದ್ಧ ಮುಗಿದ ಮೇಲೆ. ಬ್ರಿಟನ್ ಮತ್ತು ಸ್ಪೇನ್ ಪ್ಯಾರಿಸ್‌ನಲ್ಲಿ ಒಪ್ಪಂದಕ್ಕೆ ಸಹಿ ಹಾಕಿದ್ದು 1763ರ ಫೆಬ್ರವರಿ 10ರಂದೇ. ಆ ಸುದ್ದಿ ಹಡಗಿನಲ್ಲಿ ಪೂರ್ವ ತೀರ ತಲುಪಲು ತಿಂಗಳುಗಳೇ ಹಿಡಿದವು. 1764ರಲ್ಲಿ ಬ್ರಿಟಿಷರು ಮನಿಲಾವನ್ನು ಸ್ಪೇನ್‌ಗೆ ಒಪ್ಪಿಸಿ ಹೊರಟುಹೋದರು. ಎರಡು ಸಾಮ್ರಾಜ್ಯಗಳು ರಾಜಿಯಾದವು, ಬೆಲೆ ತೆತ್ತವರು ಇಲೋಕೋಸ್‌ನ ಜನ.

ಫಿಲಿಪ್ಪೀನ್ಸ್ ಸ್ವಾತಂತ್ರ್ಯ ಘೋಷಿಸಿಕೊಂಡಿದ್ದು 1898ರಲ್ಲಿ, ಗೇಬ್ರಿಯೆಲಾ ಮಡಿದ 135 ವರ್ಷಗಳ ನಂತರ. ಸರ್ವಾಧಿಕಾರಿ ಮಾರ್ಕೋಸ್ ಆಡಳಿತವಿದ್ದ 1984ರಲ್ಲಿ ಒಗ್ಗೂಡಿದ ಮಹಿಳಾ ಸಂಘಟನೆಗಳು ತಮ್ಮ ಒಕ್ಕೂಟಕ್ಕೆ ಆರಿಸಿಕೊಂಡದ್ದೂ ಗೇಬ್ರಿಯೆಲಾ ಎಂಬ ಹೆಸರನ್ನೇ. ಅಲ್ಪಕಾಲದ ಹೋರಾಟದಲ್ಲಿ ಸೋತವಳು, ಸೋಲೊಪ್ಪದ ಕಾರಣಕ್ಕೇ ತಲೆಮಾರುಗಳ ನೆನಪಿನಲ್ಲಿ ಉಳಿದಿದ್ದಾಳೆ.