ಕೈತಪ್ಪಿದ ಕೇಸು: ತಂತಿಕಳ್ಳರ ಬೆನ್ನು ಹತ್ತಿದ ಟೇಲರ್ ಸಾಹೇಬ

ತಿರ್ಲಾಪುರ: ಬಸ್ಸಿನಲ್ಲಿ ಮಗ್ಗುಲಿಗೆ ಕುಂತವರು ಯಾವ ಊರು, ಎಲ್ಲಿಗೆ ಹೊಂಟೀರಿ ಎಂದು ಕೇಳುವುದು ನಮ್ಮ ಸೀಮೆಯ ರೂಢಿ. ಇಲ್ಲಿ ಹತ್ತಿದವರು ನವಲಗುಂದ ಮುಟ್ಟುವುದರೊಳಗ ಒಬ್ಬರ ಮಳೆ-ಬೆಳೆ, ಮಗಳ ಲಗ್ನ, ಸಾಲ-ಸೋಲ ಎಲ್ಲಾ ಇನ್ನೊಬ್ಬರಿಗೆ ಗೊತ್ತಾಗಿರುತ್ತದೆ. ಇನ್ನೂರು ವರ್ಷದ ಹಿಂದೆ ಇವೇ ಎರಡು ಪ್ರಶ್ನೆಗಳಿಗೆ ನಂಬಿಗೆಯಿಂದ ಉತ್ತರ ಕೊಟ್ಟು ಜೀವ ಕಳಕೊಂಡವರು ಎಷ್ಟು ಮಂದಿ ಎಂಬ ಲೆಕ್ಕ ಇವತ್ತಿಗೂ ಹತ್ತಿಲ್ಲ. ಕೊಂದವರಲ್ಲಿ ಕೆಲವರ ಹೆಸರು ಸಿಕ್ಕವು. ಸತ್ತವರ ಹೆಸರು ಸಿಗಲಿಲ್ಲ. ನಮ್ಮ ದೇಶದ ಅತಿ ದೊಡ್ಡ ಸರಣಿ ಕೊಲೆಯ ಕೇಸು ಇದು. ಪೂರ್ತಿ ಬಗೆಹರಿಯದೆ ಉಳಿದದ್ದೂ ಇದೇ.

ಈ ಕೇಸಿನ ಬೆನ್ನು ಹತ್ತಿ, ಅರ್ಧ ದಾರಿಯಲ್ಲೇ ಕೈಬಿಡಬೇಕಾಗಿ ಬಂದು, ಮುಂದೆ ಮುಪ್ಪಿನ ತನಕ ಅದನ್ನೇ ನೆನೆಸಿ ಹಳಹಳಿಸಿದ ಮನುಷ್ಯ ಫಿಲಿಪ್ ಮೆಡೋಸ್ ಟೇಲರ್. ಸುರಪುರದ ಕಡೆ ಟೇಲರ್ ಮಂಜಿಲ್ ನೋಡಿ ಬಂದವರಿಗೆ ಈ ಹೆಸರು ಹೊಸದಲ್ಲ. ಆದರೆ ಆತ ಸಂಸ್ಥಾನದ ಸಾಹೇಬನಾಗುವ ಮೊದಲು ಪೋಲೀಸನಾಗಿದ್ದ ಎಂಬುದು ಬಹಳ ಮಂದಿಗೆ ತಿಳಿದಂತಿಲ್ಲ.

ಹದಿನಾರರ ಹುಡುಗ

ಟೇಲರ್ ಹುಟ್ಟಿದ್ದು 1808ರ ಸೆಪ್ಟೆಂಬರ್ 25ಕ್ಕೆ, ಇಂಗ್ಲಂಡಿನ ಲಿವರ್‌ಪೂಲ್ ಬಂದರಿನಲ್ಲಿ. ಮನೆತನ ವ್ಯಾಪಾರದ್ದು, ಆದರೆ ಕೈ ಸೋತಿತ್ತು. ಹೀಗಾಗಿ ಹುಡುಗನನ್ನು 1824ರಲ್ಲಿ ಮುಂಬಯಿಯ ಒಬ್ಬ ವ್ಯಾಪಾರಸ್ಥನ ಹತ್ತಿರ ಗುಮಾಸ್ತಿಕೆಗೆ ಕಳಿಸಿದರು. ಇಲ್ಲಿ ಬಂದು ನೋಡಿದರೆ ಆ ಪೇಢಿಯೇ ಮುಳುಗುವ ಸ್ಥಿತಿಯಲ್ಲಿತ್ತು. ಪರಿಚಯದ ದೊಡ್ಡ ಅಧಿಕಾರಿಯೊಬ್ಬರ ಕೈ ಹಿಡಿದು ಅದೇ ವರ್ಷ ಹೈದರಾಬಾದ್ ನಿಜಾಮರ ಫೌಜಿನಲ್ಲಿ ಸೇರಿಕೊಂಡ. ಆಗ ವಯಸ್ಸು ಬರೀ ಹದಿನಾರು.

ಹುಡುಗನಿಗೆ ಒಂದು ಗುಣವಿತ್ತು. ಊಟಕ್ಕಿಂತ ಮೊದಲು ಭಾಷೆ ಕಲಿಯುತ್ತಿದ್ದ. ಹಿಂದುಸ್ತಾನಿ, ಮರಾಠಿ ಮಾತಾಡಲು ಹತ್ತಿದ ಮೇಲೆ ಬಿಳಿಯರ ಬಂಗಲೆಗಿಂತ ಚಾವಡಿಯಲ್ಲಿ ಕೂಡುವುದೇ ಹೆಚ್ಚಾಯಿತು. ಅದನ್ನು ನೋಡಿಯೇ ಹದಿನೆಂಟರ ಹರಯಕ್ಕೆ ನೈರುತ್ಯ ಜಿಲ್ಲೆಯ ಪೋಲೀಸ್ ಕೆಲಸಕ್ಕೆ ಸಹಾಯಕ ಅಧಿಕಾರಿ ಎಂದು ನೇಮಿಸಿದರು. ಹತ್ತು ಲಕ್ಷದಷ್ಟು ಜನವಸ್ತಿಯ ಸೀಮೆ. ಇಂದು ಆ ವಯಸ್ಸಿಗೆ ನಮ್ಮ ಹುಡುಗರು ಕಾಲೇಜಿನ ಕಟ್ಟಿ ಮ್ಯಾಲೆ ಕುಂತಿರ್ತಾರ.

ಹೆಣ ಇಲ್ಲ, ಫಿರ್ಯಾದಿ ಇಲ್ಲ

ಆ ದಿನಗಳಲ್ಲಿ ದಾರಿಕಾರರು ಇದ್ದಕ್ಕಿದ್ದಂತೆ ಇಲ್ಲವಾಗುತ್ತಿದ್ದರು. ರಜೆ ಮೇಲೆ ಊರಿಗೆ ಹೊರಟ ಸಿಪಾಯಿ ಊರು ಮುಟ್ಟುತ್ತಿರಲಿಲ್ಲ. ಬಟ್ಟೆ ಹೇರಿಕೊಂಡು ಸಂತೆಗೆ ಹೋದ ವ್ಯಾಪಾರಿ ತಿರುಗಿ ಬರುತ್ತಿರಲಿಲ್ಲ. ಬಸ್ಸಿಲ್ಲ, ರೈಲಿಲ್ಲ, ಮನಿಆರ್ಡರ್ ಇಲ್ಲ. ಗಳಿಸಿದ್ದೆಲ್ಲಾ ನಡುವಿಗೆ ಕಟ್ಟಿಕೊಂಡೇ ನಡೆಯಬೇಕು. ಹುಲಿ ಹಿಡಿಯಿತೋ, ಹೊಳೆ ಒಯ್ದಿತೋ, ವಾಂತಿಭೇದಿ ಬಂದು ಸತ್ತನೋ ಎಂದು ಮನೆಯವರು ವರ್ಷಗಟ್ಟಲೆ ದಾರಿ ಕಾಯುತ್ತಿದ್ದರು. ಕುಂಕುಮ ಅಳಿಸಬೇಕೋ ಬೇಡವೋ ಎಂಬುದೂ ತಿಳಿಯದೆ ಎಷ್ಟು ಹೆಣ್ಣುಮಕ್ಕಳು ಮುದುಕಿಯರಾದರೋ!

ಕೊಲ್ಲುವವರ ರೀತಿಯೇ ಬೇರೆ. ಉತ್ತರದಲ್ಲಿ ಅವರಿಗೆ ಠಕ್ಕರು, ದಕ್ಷಿಣದಲ್ಲಿ ಫಾಂಸಿಗಾರರು ಎನ್ನುತ್ತಿದ್ದರು. ಕನ್ನಡ ಸೀಮೆಯಲ್ಲಿ ಅವರಿಗೆ ಬಿದ್ದ ಹೆಸರು ತಂತಿಕಳ್ಳರು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಬೆಂಗಳೂರ ಆಸುಪಾಸಿನಲ್ಲಿ ಇಂಥವರು ನೂರರಷ್ಟು ಮಂದಿ ಸಿಕ್ಕಿದ್ದುಂಟು. 1807ರಲ್ಲಿ ಚಿತ್ತೂರು, ಆರ್ಕಾಟಿನ ಕಡೆ ಇನ್ನಷ್ಟು ಮಂದಿ ಸಿಕ್ಕರು. 1816ರಲ್ಲಿ ಮದರಾಸಿನ ಡಾಕ್ಟರ್ ಶೆರ್ವುಡ್ ಎಂಬವರು ಇವರ ಮೇಲೆ ಉದ್ದ ಲೇಖನ ಬರೆದು ಕನ್ನಡದ ಈ ಹೆಸರನ್ನೂ ಅದರಲ್ಲಿ ನಮೂದಿಸಿದರು. ಸರಕಾರ ಓದಿತು, ಕಟ್ಟಿ ಇಟ್ಟಿತು.

ಅವರ ಪದ್ಧತಿ ಹೀಗಿತ್ತು. ವ್ಯಾಪಾರಿಯ ವೇಷದಲ್ಲೋ ಯಾತ್ರಿಕರ ವೇಷದಲ್ಲೋ ಬಂದು ಜತೆಗೂಡುವರು. ಕಳ್ಳರ ಕಾಟ ಬಹಳ, ಕೂಡಿ ಹೋಗೋಣ ಎಂದು ತಾವೇ ಎಚ್ಚರಿಕೆ ಹೇಳುವರು! ಸವಿಮಾತಿನವ ಒಬ್ಬ, ಕುಣಿ ತೋಡಲು ಮುಂದೆ ಹೋಗುವವ ಒಬ್ಬ, ರುಮಾಲು ಹಾಕುವವ ಒಬ್ಬ. ನಾಲ್ಕಾರು ದಿನ ಒಂದೇ ಒಲೆಯ ರೊಟ್ಟಿ ತಿಂದ ಮೇಲೆ ಸನ್ನೆಯಾದೊಡನೆ ಕುತ್ತಿಗೆಗೆ ರುಮಾಲು ಬೀಳುತ್ತಿತ್ತು. ರಕ್ತ ಇಲ್ಲ, ಕೂಗಿಲ್ಲ. ಹೆಣ ಮಣ್ಣಿಗೆ, ಮಾಲು ಪರ ಊರಿಗೆ.

ಪತ್ತೆ ಹಚ್ಚುವುದಾದರೂ ಹೇಗೆ? ನಮ್ಮ ಸುತ್ತಲಿನದೇ ನೋಡಿ. 1818ರ ಹೊತ್ತಿಗೆ ನವಲಗುಂದ ಕಂಪನಿ ಸರಕಾರದ ಕೈಗೆ ಬಂದಿತ್ತು. ಮಗ್ಗುಲಿನ ನರಗುಂದ ಭಾವೆಯವರದು. ಕುಂದಗೋಳ ಜಮಖಂಡಿಯವರದು, ಲಕ್ಷ್ಮೇಶ್ವರ ಮಿರಜದವರದು, ಶಿರಹಟ್ಟಿ ಸಾಂಗಲಿಯವರದು, ಸವಣೂರು ನವಾಬರದು, ಮೂಡಲ ಕೊಪ್ಪಳದ ಸೀಮೆ ನಿಜಾಮರದು. ನಾಲ್ಕು ದಿನ ನಡೆದರೆ ನಾಲ್ಕು ಸರಕಾರ. ಸತ್ತವನ ಊರು ಒಂದು, ಕೊಂದ ಜಾಗ ಮತ್ತೊಂದು, ಮಾಲು ಮಾರಿದ ಪೇಟೆ ಮಗದೊಂದು. ಒಬ್ಬರ ಹದ್ದಿನ ಮಾತು ಇನ್ನೊಬ್ಬರ ದಫ್ತರಕ್ಕೆ ಹೋಗುತ್ತಿರಲಿಲ್ಲ. ಹೆಣ ಇಲ್ಲ, ಫಿರ್ಯಾದಿ ಇಲ್ಲ, ಅಂದಮ್ಯಾಲ ಕೇಸೂ ಇಲ್ಲ.

ದಾರ ಕೈಗೆ ಬಂದಿತ್ತು

ತರುಣ ಟೇಲರ್‌ನ ಹದ್ದಿನಲ್ಲಿಯೂ ಇಂಥ ಸಾವುಗಳ ಸುದ್ದಿ ಬರತೊಡಗಿದವು. ಬಿಡಿ ಬಿಡಿ ಕೊಲೆ ಇವಲ್ಲ, ಹಿಂದೆ ಒಂದು ಕೂಟವೇ ಇರಬೇಕು ಎಂಬ ಸಂಶಯ ಅವನಿಗೆ ಬಂತು, ವಿಚಾರಣೆಗೂ ಕೈಹಾಕಿದ. ಅಷ್ಟರಲ್ಲಿ 1829ರಲ್ಲಿ ನಿಜಾಮ ಸಿಕಂದರ್ ಜಾಹ್ ತೀರಿಕೊಂಡರು. ಹೊಸದಾಗಿ ಪಟ್ಟಕ್ಕೆ ಬಂದ ನಾಸಿರುದ್ದೌಲಾ ತಮ್ಮ ಮುಲ್ಕಿ ಕಾರಭಾರದಲ್ಲಿ ಬಿಳಿ ಅಧಿಕಾರಿಗಳು ಬೇಡವೆಂದರು. ಟೇಲರ್‌ಗೆ ಪಲ್ಟಣಕ್ಕೆ ಹಿಂತಿರುಗುವ ಹುಕುಂ ಬಂತು. ದಾರದ ತುದಿ ಕೈಯಲ್ಲಿತ್ತು, ಎಳೆಯುವುದು ಬಾಕಿ ಇತ್ತು. ವರ್ಗಾವಣೆಯಿಂದ ಕೇಸು ಕೆಡುವುದು ನಮ್ಮ ಕಾಲದಲ್ಲಿಯೇ ಹುಟ್ಟಿದ ರೋಗವಲ್ಲ ಎಂದಂತಾಯಿತು.

ಮುಂದೆ ಆ ಕೀರ್ತಿ ಸಂದದ್ದು ಜಬಲಪುರ, ಸಾಗರ ಕಡೆಯ ಸ್ಲೀಮನ್ ಎಂಬ ಅಧಿಕಾರಿಗೆ. ಸಿಕ್ಕವರಲ್ಲಿ ಕೆಲವರಿಗೆ ಜೀವದಾನ ಕೊಟ್ಟು ಮಾಫಿ ಸಾಕ್ಷಿ ಮಾಡಿಕೊಂಡು, ಅವರು ಹೇಳಿದ ಹೆಸರು, ಊರು, ವಂಶಾವಳಿ ಎಲ್ಲಾ ಬರೆಸಿ, ಒಂದೊಂದೇ ಕೂಟವನ್ನು ಹಿಡಿಸಿದ. 1831ರಿಂದ 1837ರವರೆಗೆ 3,266 ಮಂದಿಯ ವಿಚಾರಣೆ ಮುಗಿಯಿತು. ಅವರಲ್ಲಿ 412 ಮಂದಿಗೆ ಗಲ್ಲಾಯಿತು.

ಅರಿವಿ ಅಂಗಡಿಯ ಹರಿಸಿಂಗ

ಅಂಗಡಿಕಾರರು ಲಕ್ಷ್ಯವಿಟ್ಟು ಓದಬೇಕಾದ ಭಾಗ ಇದು. ಟೇಲರ್ ನಿಜಾಮ ಸೀಮೆಯ ಹಿಂಗೋಲಿ ಛಾವಣಿಯಲ್ಲಿದ್ದಾಗ ಅಲ್ಲಿ ಹರಿಸಿಂಗ ಎಂಬ ಮರ್ಯಾದಸ್ಥ ವ್ಯಾಪಾರಿ ಇದ್ದ. ಟೇಲರ್ ಸ್ವತಃ ಅವನ ಹತ್ತಿರ ವ್ಯವಹಾರ ಮಾಡಿದ್ದುಂಟು. ಒಮ್ಮೆ ಆತ ಮುಂಬಯಿಯಿಂದ ಅರಿವಿ ತರಿಸುವುದಿದೆ ಎಂದು ಸಾಹೇಬರಲ್ಲಿ ಅರ್ಜಿ ಹಾಕಿ ರಹದಾರಿ ಚೀಟಿ ಪಡೆದ. ವಾಸ್ತವವಾಗಿ ಆ ಅರಿವಿ ಹತ್ತಿರದ ಊರಿನ ಬೇರೊಬ್ಬ ವ್ಯಾಪಾರಿಯದು, ಆಗಲೇ ದಾರಿಯಲ್ಲಿತ್ತು. ಹರಿಸಿಂಗ ಆ ವ್ಯಾಪಾರಿಯನ್ನೂ, ಅವನ ಆಳುಗಳನ್ನೂ, ಎತ್ತು ಹೊಡೆಯುವವರನ್ನೂ ಮುಗಿಸಿ, ಅದೇ ಸರಕಾರಿ ಚೀಟಿ ತೋರಿಸುತ್ತ ಮಾಲು ತಂದು ಛಾವಣಿಯ ಪೇಟೆಯಲ್ಲಿ ರಾಜಾರೋಷವಾಗಿ ಮಾರಿದ. ಚೀಟಿ ಕೊಟ್ಟವ ಕ್ಯಾಪ್ಟನ್ ರೆನಾಲ್ಡ್ಸ್. ಮುಂದೆ ಆ ಭಾಗದಲ್ಲಿ ಠಕ್ಕರನ್ನು ಹಿಡಿಯಲು ನಿಂತವನೂ ಅವನೇ. ಹರಿಸಿಂಗ ಸಿಕ್ಕು ತಾನಾಗಿ ಬಾಯಿ ಬಿಡುವ ತನಕ ಈ ಸಂಗತಿ ಯಾರಿಗೂ ಗೊತ್ತಿರಲಿಲ್ಲ.

ಅಷ್ಟ ಅಲ್ಲ. ಪಹರೆಯ ಸಿಪಾಯಿಗಳ ಸಾಲಿನಿಂದ ಕೂಗಳತೆ ದೂರದಲ್ಲಿ, ಊರ ದಾರಿಯ ಮಗ್ಗುಲಿನ ಒಣ ಹಳ್ಳದಲ್ಲಿ, ಮಾಫಿ ಸಾಕ್ಷಿಗಳು ಬೆರಳು ಮಾಡಿದಲ್ಲೆಲ್ಲಾ ಅಗೆದರೆ ಹೆಣಗಳೇ ಬಂದವು. ಟೇಲರ್ ಅಲ್ಲೇ ನಿಂತಿದ್ದ. ಒಂದು ಕುಣಿ, ಎರಡು ಕುಣಿ, ಮತ್ತೊಂದು. ಕಡೆಗೆ ನೋಡುವವರಿಗೇ ಹೇಸಿಕೆ ಬಂದು ಅಗೆಯುವುದನ್ನು ಬಿಟ್ಟರು. ಅಂದು ಬಿಟ್ಟ ಕುಣಿಗಳ ಲೆಕ್ಕ ಯಾವ ಕಡತದಲ್ಲಿಯೂ ಸೇರಲಿಲ್ಲ.

ಇವೆಲ್ಲವನ್ನೂ ಸೇರಿಸಿ ಟೇಲರ್ ಒಂದು ಕಾದಂಬರಿ ಬರೆದ. ಠಕ್ಕನೊಬ್ಬನ ತಪ್ಪೊಪ್ಪಿಗೆ ಎಂಬ ಅರ್ಥದ ಹೆಸರಿನ ಆ ಪುಸ್ತಕ 1839ರಲ್ಲಿ ಲಂಡನ್ನಿನಲ್ಲಿ ಅಚ್ಚಾಯಿತು. ವಿಕ್ಟೋರಿಯಾ ರಾಣಿ ಅಚ್ಚಿನ ಹಾಳೆಗಳನ್ನೇ ತರಿಸಿಕೊಂಡು ಓದಿದಳು. ಕಥಾನಾಯಕ ಅಮೀರ್ ಅಲಿ ಕೊಂದದ್ದು 719 ಮಂದಿಯನ್ನು. ನಮ್ಮ ಠಕ್ಕ ಇಂಗ್ಲಿಷ್ ಮಾತಿನಲ್ಲಿ ಥಗ್ ಆಗಿ ಭದ್ರವಾಗಿ ಕುಂತ.

ಸುರಪುರದ ಹನ್ನೆರಡು ವರ್ಷ

1841ರಲ್ಲಿ ಟೇಲರ್ ಸುರಪುರಕ್ಕೆ ಬಂದ. ಬೇಡರ ನಾಯಕರ ಆ ಸಂಸ್ಥಾನದಲ್ಲಿ ರಾಜ ಇನ್ನೂ ಎಳೆಯ ಹುಡುಗ, ವೆಂಕಟಪ್ಪ ನಾಯಕ. 1853ರ ತನಕ ಟೇಲರ್ ಅಲ್ಲೇ ಇದ್ದು ಸಂಸ್ಥಾನದ ಸಾಲ ತೀರಿಸಿದ, ಹುಡುಗನನ್ನು ಸಾಕಿದ. ಹುಡುಗ ಅವನನ್ನು ಅಪ್ಪಾ ಎಂದೇ ಕರೆಯುತ್ತಿದ್ದ. 1858ರಲ್ಲಿ ಅದೇ ರಾಜ ಬ್ರಿಟಿಷರ ಮೇಲೆ ಎದ್ದು, ಸೋತು, ಸೆರೆಯಾಗಿ, ಒಯ್ಯುವ ದಾರಿಯಲ್ಲಿ ಗುಂಡಿಗೆ ಸತ್ತ. ತಾನೇ ಹೊಡಕೊಂಡ ಎಂದು ಸರಕಾರಿ ದಾಖಲೆ.

ಅದೇ ವರ್ಷ ಮೇ 29ಕ್ಕೆ ನಮ್ಮ ನರಗುಂದದ ಹತ್ತಿರ ಸುರೇಬಾನದಲ್ಲಿ ಮ್ಯಾನ್ಸನ್ ಸಾಹೇಬನ ಕೊಲೆಯಾಯಿತು. ಜೂನ್ 12ಕ್ಕೆ ಬೆಳಗಾವಿಯಲ್ಲಿ ಬಾಬಾಸಾಹೇಬ ಭಾವೆಯವರನ್ನು ಗಲ್ಲಿಗೇರಿಸಿದರು. ಸಾಹೇಬನೊಬ್ಬ ಸತ್ತರೆ ಹದಿನಾಲ್ಕು ದಿನದಲ್ಲಿ ಕೇಸು ಖಲಾಸ್. ಹೆಸರಿಲ್ಲದ ದಾರಿಕಾರರು ಸಾಲುಸಾಲಾಗಿ ಸತ್ತಾಗ 1799ರಿಂದ ಮೂವತ್ತು ವರ್ಷ ದಫ್ತರ ಮಲಗಿತ್ತು. ಈ ಎರಡು ಲೆಕ್ಕವನ್ನು ಮಗ್ಗುಲ ಮಗ್ಗುಲಕ್ಕಿಟ್ಟು ನೋಡಬೇಕು.

ಟೇಲರ್ 1860ರಲ್ಲಿ ನಿವೃತ್ತನಾಗಿ ಐರ್ಲಂಡಿಗೆ ಹೋದ. ಅಲ್ಲಿಂದಲೂ ನಮ್ಮನ್ನು ಮರೆಯಲಿಲ್ಲ. ಧಾರವಾಡ, ಮೈಸೂರು ಸೀಮೆಯ ಗುಡಿಗಳ ಫೋಟೋಗಳ ದೊಡ್ಡ ಪುಸ್ತಕ 1866ರಲ್ಲಿ ಹೊರಬಂದಾಗ ಇತಿಹಾಸದ ಭಾಗ ಬರೆದವನು ಅವನೇ. ಕಣ್ಣು ಮಂದವಾದ ಮೇಲೂ 1875ರಲ್ಲಿ ಹೈದರಾಬಾದಿಗೆ ಬಂದು ಹೋದ. 1876ರ ಮೇ 13ಕ್ಕೆ ಫ್ರಾನ್ಸಿನ ಮೆಂಟೋನ್ ಊರಿನಲ್ಲಿ ತೀರಿಕೊಂಡ. ಮರುವರ್ಷ ಪ್ರಕಟವಾದ ಆತ್ಮಕಥೆಯಲ್ಲಿ ಆ ಕೈತಪ್ಪಿದ ಕೇಸಿನ ಹಳಹಳಿ ಹಾಗೆಯೇ ಇದೆ.

ಬಾಕಿ ಉಳಿದ ಪ್ರಶ್ನೆ

ಆದರೆ ಸ್ಲೀಮನ್ ಗೆದ್ದ ಎಂದು ಕೇಸು ಮುಗಿಯಿತೇ? ಹಾಗೆನ್ನುವಂತಿಲ್ಲ. ಮಾಫಿ ಸಾಕ್ಷಿ ತನ್ನ ಕುತ್ತಿಗೆ ಉಳಿಸಿಕೊಳ್ಳಲು ಎಷ್ಟು ನಿಜ ಹೇಳಿದ, ಎಷ್ಟು ಸೇರಿಸಿದ? ಬಹರಾಂ ಎಂಬವನ ಹೆಸರಿಗೆ 931 ಕೊಲೆ ಬರೆದರು. ತಾನು ಕೈಯಾರೆ ಕೊಂದದ್ದು ಅದಕ್ಕಿಂತ ಬಹಳ ಕಡಿಮೆ ಎಂದು ಅವನ ಹೇಳಿಕೆಯಲ್ಲೇ ಇದೆ. 1836ರ ಕಾಯ್ದೆಯಂತೂ ಇಂಥಾ ಕೊಲೆ ಮಾಡಿದ ಎಂದು ರುಜುವಾತು ಮಾಡಬೇಕಿಲ್ಲ, ಠಕ್ಕರ ಕೂಟದವನು ಎಂದಾದರೆ ಸಾಕು, ಜನ್ಮಪರ್ಯಂತ ಸೆರೆ ಎಂದಿತು. ಜಬಲಪುರದಲ್ಲಿ ಮಾಫಿ ಸಾಕ್ಷಿಗಳನ್ನೂ ಅವರ ಮಕ್ಕಳನ್ನೂ ಕೂಡಿಹಾಕಿ ಡೇರೆ, ಗಾಲೀಚು ನೇಯಿಸಿದರು. ನವಲಗುಂದದ ಜಮಖಾನಿ ನೇಯುವ ಕೈಗೆ ಮಾನ ಇದೆ. ಅಲ್ಲಿ ನೇಯ್ದ ಮಕ್ಕಳಿಗೆ ಅಪ್ಪನ ಅಪರಾಧವೇ ಕುಲವಾಯಿತು.

ಹುಟ್ಟಿನಿಂದಲೇ ಕಳ್ಳ ಎಂಬ ಈ ವಿಚಾರ ಬೆಳೆದು 1871ರ ಅಪರಾಧಿ ಬುಡಕಟ್ಟು ಕಾಯ್ದೆಯಾಯಿತು. ಹುಬ್ಬಳ್ಳಿ, ಗದಗ, ವಿಜಾಪುರದಲ್ಲಿ ತಂತಿ ಬೇಲಿಯ ಸೆಟ್ಲಮೆಂಟುಗಳು ಎದ್ದದ್ದು ಆ ಕಾಯ್ದೆಯಿಂದ. ಕೊಲೆಗೂ ಠಕ್ಕರಿಗೂ ಸಂಬಂಧವೇ ಇಲ್ಲದ ಕುಟುಂಬಗಳು ಹಾಜರಿ ಹಾಕಿ ಬದುಕಬೇಕಾಯಿತು. 1952ರ ಆಗಸ್ಟ್ 31ಕ್ಕೆ ದೇಶದ ತುಂಬ ಅದು ರದ್ದಾಯಿತು. ಹುಬ್ಬಳ್ಳಿಯಲ್ಲಿ ಸೆಟ್ಲಮೆಂಟ್ ಎಂಬ ಹೆಸರು ಮಾತ್ರ ಮಂದಿಯ ಬಾಯಲ್ಲಿ ಉಳಿದಿದೆ. ಕಳ್ಳತನವಾದರೆ ಮೊದಲು ಯಾರ ಓಣಿಗೆ ಹೋಗಬೇಕೆಂಬ ಚಾಳಿ ಪೂರ್ತಿ ಹೋಗಿದೆಯೇ ಎಂಬುದನ್ನು ಅಲ್ಲಿಯವರನ್ನೇ ಕೇಳಬೇಕು.

ಟೇಲರ್‌ನ ಕೇಸು ಎರಡು ಸಂಗತಿ ಕಲಿಸುತ್ತದೆ. ಒಂದು, ಕಾಣೆಯಾದವರ ಸುದ್ದಿಯನ್ನು ಹಗುರಾಗಿ ಹಿಡಿಯಬಾರದು. ಇನ್ನೊಂದು, ಹದ್ದಿನ ನೆಪ ಹೇಳಬಾರದು. 2024ರ ಜುಲೈ 1ರಿಂದ ಜಾರಿಗೆ ಬಂದ ಹೊಸ ನಾಗರಿಕ ಸುರಕ್ಷಾ ಸಂಹಿತೆಯ ಪ್ರಕಾರ ಗಂಭೀರ ಅಪರಾಧ ಯಾವ ಠಾಣೆಯ ಹದ್ದಿನಲ್ಲಿ ನಡೆದಿದ್ದರೂ, ಫಿರ್ಯಾದಿ ಹೋದ ಠಾಣೆಯಲ್ಲಿಯೇ ಅದನ್ನು ಬರೆದುಕೊಳ್ಳಬೇಕು. ತಿರ್ಲಾಪುರದವರ ಮನುಷ್ಯ ಹುಬ್ಬಳ್ಳಿಯಲ್ಲಿಯೋ ಸೊಲ್ಲಾಪುರದಲ್ಲಿಯೋ ಅನಾಹುತಕ್ಕೆ ಸಿಕ್ಕರೆ ನವಲಗುಂದದಲ್ಲೇ ದೂರು ಕೊಡಲು ಬರುತ್ತದೆ. ಇದು ನಮ್ಮದಲ್ಲ, ಅಲ್ಲಿಗೆ ಹೋಗ್ರಿ ಎಂದು ಯಾರಾದರೂ ಹೇಳಿದರೆ ಎದ್ದು ಬರಬ್ಯಾಡ್ರಿ. ಇನ್ನೂರು ವರ್ಷದ ಹಿಂದಿನ ಮಂದಿ ಹಾಗೆ ಎದ್ದು ಬಂದದ್ದರಿಂದಲೇ ಅವರವರ ಮನೆಯವರು ಯಾವ ಹಳ್ಳದಲ್ಲಿದ್ದಾರೆಂಬುದು ಕಡೆತನಕ ತಿಳಿಯಲಿಲ್ಲ.