ಲೆಸೆಪ್ಸನ ಎರಡು ಕಾಲುವೆಗಳು

ಆಡಳಿತವು ಸಡಿಲವಾಗಿ ಲಂಚವು ಬಲವಾಗಿರುವ ಪರದೇಶದಲ್ಲಿ ಕಾಲುವೆ, ರೈಲು, ಬಂದರುಗಳಿಗಾಗಿ ಹಣ ಹೂಡುವುದು ಅಪಾಯಕರವೆಂದು ಧನಿಕ ರಾಷ್ಟ್ರಗಳವರು ಹೇಳುತ್ತ ಬಂದಿರುವರು. ಮಾತು ಸುಳ್ಳಲ್ಲ, ಆದರೆ ಆ ಅಪಾಯವು ಕೊನೆಗೆ ಯಾರ ತಲೆಗೆ ಬರುವುದೆಂಬುದು ಬೇರೆಯ ಪ್ರಶ್ನೆ. ಇದನ್ನು ಅರಿಯಲಿಚ್ಛಿಸುವವರಿಗೆ ಫರ್ಡಿನಾಂಡ್ ಡ ಲೆಸೆಪ್ಸನ ಚರಿತ್ರೆಗಿಂತ ತಕ್ಕ ದೃಷ್ಟಾಂತವು ನಮಗೆ ಕಾಣದು.

ಲೆಸೆಪ್ಸನು 1805ನೆಯ ಇಸವಿ ನವೆಂಬರ 19ರಂದು ಫ್ರಾನ್ಸಿನ ವರ್ಸೈ ಪಟ್ಟಣದಲ್ಲಿ ಜನಿಸಿದನು. ರಾಯಭಾರವು ಅವನ ಮನೆತನದ ವೃತ್ತಿ. ಅವನು ಇಂಜಿನಿಯರನಲ್ಲ, ಸಾಹುಕಾರನೂ ಅಲ್ಲ. 1830ರ ದಶಕದಲ್ಲಿ ಈಜಿಪ್ತದಲ್ಲಿ ಫ್ರೆಂಚ್ ಕಾನ್ಸಲನಾಗಿದ್ದಾಗ, ಅಲ್ಲಿಯ ಅಧಿಪತಿ ಮಹಮ್ಮದ ಅಲಿಯ ಮಗನಾದ ಬಾಲಕ ಸಯೀದನ ಸ್ನೇಹವನ್ನು ಸಂಪಾದಿಸಿದನು. ಸ್ಥೂಲಕಾಯನಾದ ಆ ಹುಡುಗನಿಗೆ ತಂದೆಯು ಪಥ್ಯವನ್ನು ವಿಧಿಸಿದ್ದಾಗ ಲೆಸೆಪ್ಸನ ಮನೆಯಲ್ಲಿ ಹೊಟ್ಟೆ ತುಂಬ ಊಟ ಸಿಗುತ್ತಿತ್ತೆಂದು ಹೇಳುವರು. 1849ರಲ್ಲಿ ರೋಮಿನ ಸಂಧಾನ ಕೆಟ್ಟು ಲೆಸೆಪ್ಸನು ಸರಕಾರಿ ಸೇವೆಯನ್ನು ಬಿಟ್ಟನು. 1854ರಲ್ಲಿ ಸಯೀದನು ಪಟ್ಟಕ್ಕೆ ಬಂದೊಡನೆ ಈಜಿಪ್ತಕ್ಕೆ ಧಾವಿಸಿ, ಅದೇ ನವೆಂಬರ 30ರಂದು ಸುಯೆಜ್ ಕಾಲುವೆಯ ಸನದನ್ನು ಪಡೆದನು. ದೇಶದ ಪ್ರಜೆಗಳನ್ನು ಯಾರೂ ಕೇಳಲಿಲ್ಲ.

ಕಾಲುವೆ ತೆರೆದಂದಿನಿಂದ 99 ವರ್ಷ ಕಂಪನಿಗೆ ಒಡೆತನ. ಈಜಿಪ್ತಕ್ಕೆ ನಿವ್ವಳ ಲಾಭದಲ್ಲಿ ಶೇಕಡಾ 15. ಕೂಲಿಗಳಲ್ಲಿ ಐದರಲ್ಲಿ ನಾಲ್ಕು ಪಾಲು ಈಜಿಪ್ತದವರು. ಈ ಕೊನೆಯ ಷರತ್ತು ಕೇಳುವುದಕ್ಕೆ ಹಿತವಾಗಿದೆ. ನಡೆದದ್ದು ಬಿಟ್ಟಿಯ ಪದ್ಧತಿ. 1859ರ ಏಪ್ರಿಲ 25ರಂದು ಅಗೆತವು ಆರಂಭವಾಗಿ, ಮುಂದೆ ತಿಂಗಳಿಗೆ ಸುಮಾರು 20,000 ರೈತರನ್ನು ಹೊಲಗಳಿಂದ ಎಳೆತಂದು ಮರಳುಗಾಡಿನಲ್ಲಿ ದುಡಿಸಿದರು. ಕಂಪನಿಯ 4 ಲಕ್ಷ ಪಾಲುಗಳಲ್ಲಿ ಫ್ರೆಂಚರು ಅರ್ಧಕ್ಕಿಂತ ತುಸು ಹೆಚ್ಚು ಕೊಂಡರು. ಉಳಿದವನ್ನು ಯುರೋಪವು ಮುಟ್ಟದಿರಲು ಸುಮಾರು 1,77,000 ಪಾಲುಗಳು ಸಯೀದನ ಕೊರಳಿಗೆ ಬಿದ್ದವು.

1863ರಲ್ಲಿ ಪಟ್ಟವೇರಿದ ಇಸ್ಮಾಯಿಲನು ಬಿಟ್ಟಿಯನ್ನು ನಿಲ್ಲಿಸಿ ಕೆಲವು ಭೂಮಿಯನ್ನು ಹಿಂತೆಗೆಯಲು ಯತ್ನಿಸಿದಾಗ ವ್ಯಾಜ್ಯವು ಮೂರನೆಯ ನೆಪೋಲಿಯನ್ ಚಕ್ರವರ್ತಿಯ ಮುಂದೆ ಹೋಯಿತು. ಚಕ್ರವರ್ತಿಯು ಫ್ರೆಂಚನು, ಅವನ ರಾಣಿ ಯೂಜಿನಿಯು ಲೆಸೆಪ್ಸನ ಬಂಧು. 1864ರ ತೀರ್ಪಿನಂತೆ ಈಜಿಪ್ತವು 8 ಕೋಟಿ 40 ಲಕ್ಷ ಫ್ರಾಂಕು ದಂಡ ತೆರಬೇಕಾಯಿತು. ತನ್ನ ರೈತರನ್ನು ಬಿಟ್ಟಿಯಿಂದ ಬಿಡಿಸಿಕೊಂಡ ತಪ್ಪಿಗೆ ದೇಶವು ಪರಿಹಾರ ಕೊಟ್ಟ ಇಂತಹ ನ್ಯಾಯವು ವಿರಳ!

1869ರ ನವೆಂಬರ 17ರಂದು ಕಾಲುವೆಯು ವೈಭವದಿಂದ ತೆರೆಯಿತು. ಇಸ್ಮಾಯಿಲನ ಸಾಲವೆಲ್ಲ ಕಾಲುವೆಯದೇ ಅಲ್ಲ. ಅರಮನೆ, ರೈಲು, ಸಕ್ಕರೆ ಕಾರ್ಖಾನೆಗಳ ಪಾಲೂ ಇತ್ತು. 1875ರಲ್ಲಿ ಅವನು ತನ್ನ ಪಾಲುಗಳನ್ನು ಬ್ರಿಟಿಷ್ ಸರಕಾರಕ್ಕೆ ಸುಮಾರು 40 ಲಕ್ಷ ಪೌಂಡಿಗೆ ಮಾರಿದನು. 1876ರಲ್ಲಿ ದೇಶದ ಸಾಲವನ್ನು 9 ಕೋಟಿ 10 ಲಕ್ಷ ಪೌಂಡೆಂದು ಲೆಕ್ಕ ಕಟ್ಟಿ ವಿದೇಶೀಯರು ಬೊಕ್ಕಸದ ಮೇಲೆ ಕುಳಿತರು. 1879ರಲ್ಲಿ ಇಸ್ಮಾಯಿಲನು ಪದಚ್ಯುತನಾದನು. 1880ರಲ್ಲಿ ಶೇಕಡಾ 15ರ ಹಕ್ಕೂ 2 ಕೋಟಿ 20 ಲಕ್ಷ ಫ್ರಾಂಕಿಗೆ ಕೈಬಿಟ್ಟಿತು. 1882ರಲ್ಲಿ ದೇಶಾಭಿಮಾನಿ ಅರಾಬಿ ಪಾಶನು ಕಾಲುವೆಯನ್ನು ಮುಚ್ಚಬೇಕೆಂದಿದ್ದಾಗ, ಇಂಗ್ಲಿಷರು ಅದನ್ನು ಯುದ್ಧಕ್ಕೆ ಬಳಸರೆಂದು ಲೆಸೆಪ್ಸನು ಭರವಸೆ ಕೊಟ್ಟನು. ಇಂಗ್ಲಿಷ್ ಸೇನೆಯು ಆ ಕಾಲುವೆಯಿಂದಲೇ ಒಳಬಂದಿತು. ಹೂಡಿದವರಿಗೆ ಮಾತ್ರ ಕಾಲಕ್ರಮದಲ್ಲಿ ಲಾಭವೇ ಲಾಭ. 1849ರ ಕರಾರಿನಿಂದ ನಮ್ಮ ರೈಲು ಕಂಪನಿಗಳಿಗೆ ಶೇಕಡಾ 5ರ ಬಡ್ಡಿಯನ್ನು ನಮ್ಮ ಬೊಕ್ಕಸದಿಂದ ಖಾತ್ರಿಗೊಳಿಸಿದ್ದನ್ನು ಬಲ್ಲ ವಾಚಕರಿಗೆ ಇದು ಹೊಸ ಕಥೆಯಲ್ಲ.

ಇನ್ನು ಎರಡನೆಯ ಕಾಲುವೆ. 1879ರ ಪ್ಯಾರಿಸ್ ಸಭೆಯಲ್ಲಿ, 73ರ ವೃದ್ಧನಾದ ಲೆಸೆಪ್ಸನು ಕೊಲಂಬಿಯಕ್ಕೆ ಸೇರಿದ್ದ ಪನಾಮಾ ಭೂಕಂಠದಲ್ಲಿ ಸಮುದ್ರಮಟ್ಟದ ಕಾಲುವೆಯನ್ನೇ ತೋಡಬೇಕೆಂದು ಹಟ ಹಿಡಿದನು. ಉಷ್ಣದೇಶವನ್ನು ಬಲ್ಲ ಗೋದೇನ್ ಡ ಲೆಪಿನೆ ಎಂಬ ಇಂಜಿನಿಯರನು ನದಿಗೆ ಅಣೆಕಟ್ಟಿ, ಕೆರೆ ಮಾಡಿ, ಬಾಗಿಲುಗಳ ಮೂಲಕ ಹಡಗುಗಳನ್ನೇರಿಸಬೇಕೆಂದದ್ದನ್ನು ಅವನು ಕೇಳಲಿಲ್ಲ. ಮರಳಿನ ವಿದ್ಯೆಯನ್ನು ಬಂಡೆಗಳಿಗೆ ಅನ್ವಯಿಸಹೊರಟನು. 1881ರಿಂದ ಅಗೆತ. ಹಳದಿ ಜ್ವರ, ಮಲೇರಿಯಗಳು ಸೊಳ್ಳೆಯಿಂದ ಹರಡುವುದೆಂದು ಆಗ ವೈದ್ಯರಿಗೂ ತಿಳಿಯದು. ಸತ್ತವರು ಸುಮಾರು 20,000 ಎಂದು ಅಂದಾಜು. 1885ರ ದಂಗೆಯಲ್ಲಿ ಕೊಲೋನ್ ಪಟ್ಟಣವು ಸುಟ್ಟುಹೋಯಿತು.

ಆದರೆ ಕಂಪನಿಯನ್ನು ಮುಳುಗಿಸಿದ ಲಂಚವು ಕೊಲಂಬಿಯದ್ದಲ್ಲ, ಪ್ಯಾರಿಸಿನದು. ಪತ್ರಿಕೆಗಳು ಹಣ ತಿಂದು ಹೊಗಳಿದುವು. ಪತ್ರಿಕಾವೃತ್ತಿಯವರಾದ ನಾವು ಇದನ್ನು ಬರೆಯುವಾಗ ನಾಚುತ್ತೇವೆ. ಲಾಟರಿ ಸಾಲಪತ್ರದ ಕಾನೂನಿಗಾಗಿ ಶಾಸನಸಭಾಸದರನ್ನು ಕೊಂಡರು. ಹಿಂದೆ ಮಂತ್ರಿಯಾಗಿದ್ದ ಬೈಯೊ ಎಂಬವನು ತಪ್ಪೊಪ್ಪಿಕೊಂಡು ಸೆರೆಗೆ ಹೋದನು. 1889ರ ಫೆಬ್ರುವರಿ 4ರಂದು ಕಂಪನಿಯು ದಿವಾಳಿಯಾಯಿತು. 130 ಕೋಟಿಗೂ ಮೇಲ್ಪಟ್ಟ ಫ್ರಾಂಕುಗಳು ವ್ಯಯವಾಗಿ, ಸುಮಾರು 8 ಲಕ್ಷ ಜನ ನಷ್ಟಪಟ್ಟರು. ಅವರಲ್ಲಿ ಬಹುಮಂದಿ ಸಣ್ಣ ಉಳಿತಾಯದ ಬಡವರು.

1893ರಲ್ಲಿ ಲೆಸೆಪ್ಸನಿಗೂ ಅವನ ಮಗ ಚಾರ್ಲ್ಸನಿಗೂ ಐದೈದು ವರ್ಷಗಳ ಶಿಕ್ಷೆಯಾಯಿತು. ಅವಧಿ ಮೀರಿದ ಮೊಕದ್ದಮೆಯೆಂದು ಮೇಲಿನ ನ್ಯಾಯಾಲಯವು ಅದನ್ನು ರದ್ದುಪಡಿಸಿತು. ಬುದ್ಧಿ ಮಂಕಾಗಿದ್ದ ವೃದ್ಧನು ನ್ಯಾಯಾಲಯಕ್ಕೆ ಬರಲೇ ಇಲ್ಲ; 1894ರ ಡಿಸೆಂಬರ 7ರಂದು ತೀರಿಕೊಂಡನು. 1903ರಲ್ಲಿ ಪನಾಮಾ ಪ್ರಾಂತವು ಅಮೆರಿಕದ ಬೆಂಬಲದಿಂದ ಕೊಲಂಬಿಯವನ್ನು ತೊರೆಯಿತು. ಅಮೆರಿಕನರು ಕೆರೆ, ಬಾಗಿಲುಗಳ ಕ್ರಮದಿಂದಲೇ 1914ರಲ್ಲಿ ಕಾಲುವೆ ಮುಗಿಸಿದರು. ಸುಯೆಜ್ ಕಾಲುವೆಯನ್ನು ಈಜಿಪ್ತವು ಸನದು ಮುಗಿಯುವ ಮೊದಲೇ, 1956ರ ಜುಲೈ 26ರಂದು, ರಾಷ್ಟ್ರದ ಸ್ವತ್ತಾಗಿಸಿತು. ಅದೇ ಡಿಸೆಂಬರದಲ್ಲಿ ಪೋರ್ಟ್ ಸಯೀದಿನ ಜನರು ಬಂದರಿನ ಬಾಯಿಯಲ್ಲಿದ್ದ ಲೆಸೆಪ್ಸನ ಪ್ರತಿಮೆಯನ್ನು ಸಿಡಿಮದ್ದಿಟ್ಟು ಪೀಠದಿಂದ ಕೆಡವಿದರು.